ಫಿಲೊಮಿನಾ ಹಚ್ಚಿದ ಮೇಣದಬತ್ತಿ

ಅಪ್ಪಾ,

ಸತ್ತವರು ಪತ್ರ ಓದುವುದಿಲ್ಲ. ಆದರೂ ಈ ಸುದ್ದಿ ನಿಮಗೆ ತಲುಪಲೇಬೇಕೆಂದು ನನಗೆ ಆಸೆ.

ಗುರುವಾರದ ಬಿರುಗಾಳಿಯಲ್ಲಿ ತಮ್ಮ ಮರ್ವಿನ್‌ನ ದೋಣಿ ಐರಿಷ್ ಸಮುದ್ರದಲ್ಲಿ ಕಾಣೆಯಾಯಿತು. ಪ್ರೊಟೆಸ್ಟೆಂಟ್ ಪಂಗಡದ ನಮ್ಮ ಪ್ರೆಸ್ಬಿಟೇರಿಯನ್ ಸಭೆಯವರೆಲ್ಲ ಪ್ರಾರ್ಥಿಸಿದರು. ಸಂಜೆಯಾದರೂ ಸುದ್ದಿಯಿಲ್ಲ. ಅಮ್ಮ ಹೋಗಿ ಪಕ್ಕದ ಮನೆಯ ಕ್ಯಾಥೊಲಿಕ್ ಫಿಲೊಮಿನಾಳ ಬಾಗಿಲು ತಟ್ಟಿದಳು.

"ನಿಮ್ಮ ಮಾತೆ ಮುಂದೆ ಒಂದು ಮೇಣದಬತ್ತಿ ಹಚ್ಚೇ."

"ಮಧ್ಯಾಹ್ನವೇ ಹಚ್ಚಿದೀನಿ ಕಣಕ್ಕ. ಪ್ರೊಟೆಸ್ಟೆಂಟರಿಗೆ ಅಂತ ದೊಡ್ಡದನ್ನೇ ತಂದೆ."

ಬೆಳಗ್ಗೆ ಮರ್ವಿನ್ ಮನೆಗೆ ಬಂದ.

ನೀವು ಬದುಕಿದ್ದಾಗ, ನನ್ನ ಮಗುವಿಗೆ ಜ್ವರ ಏರಿದ ದಿನ ಇದೇ ಫಿಲೊಮಿನಾ ತೊಟ್ಟಿಲ ಬಳಿ ಮೊಣಕಾಲೂರಿದ್ದಳು. ಸಭೆಯ ಹಿರಿಯರಾದ ನೀವು, "ಏಳಮ್ಮ, ನಿಮ್ಮ ಗೊಣಗಾಟ ದೇವರಿಗೆ ಕೇಳ್ಸಲ್ಲ" ಎಂದು ಅವಳನ್ನು ಹೊರಗೆ ಕಳಿಸಿದಿರಿ. ಅವಳ ಪ್ರಾರ್ಥನೆಯಿಂದ ಮಗು ಉಳಿಯುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಮಗು ಪ್ರಾಣ ಬಿಡುವಾಗ ನನ್ನ ಪಕ್ಕದಲ್ಲಿ ಒಬ್ಬ ಹೆಂಗಸಾದರೂ ಇರುತ್ತಿದ್ದಳು.

ಭಾನುವಾರ ಪಾದ್ರಿಗಳು, "ದೇವರು ನಮ್ಮ ಸಭೆಯ ಮೊರೆ ಕೇಳಿದ" ಎಂದಾಗ ಅಮ್ಮ ಎದ್ದು ನಿಂತಳು.

"ನಮ್ಮದು ಕೇಳಿದ್ನೋ ಫಿಲೊಮಿನಾದು ಕೇಳಿದ್ನೋ, ಅಯ್ಯನವರೇ, ನಂಗಂತೂ ಗೊತ್ತಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"



ಮನೆಗೆ ಬರುವ ದಾರಿಯಲ್ಲಿ ಅಮ್ಮ ಇನ್ನೊಂದು ಮಾತು ಹೇಳಿದಳು. ಸತ್ತ ಮೇಲೆ ತನ್ನನ್ನು ನಿಮ್ಮ ಪಕ್ಕದಲ್ಲಿ ಹೂಳಬಾರದಂತೆ, ನನ್ನ ಮಗುವಿನ ಪಕ್ಕದಲ್ಲಿ ಹೂಳಬೇಕಂತೆ. ಹಾಗೇ ಮಾಡುತ್ತೇನೆಂದು ಮಾತು ಕೊಟ್ಟಿದ್ದೇನೆ.

ಹೇಜಲ್