ತಲೆ ಎತ್ತದ ಕಾಳಮ್ಮ

ಶಿವಾರಪಟ್ಟಣ, ೧೨-೨-೧೯೩೮

ಮುಳಬಾಗಿಲಿನ ಬ್ರಹ್ಮಯ್ಯಾಚಾರ್ಯರಿಗೆ ಶಿಲ್ಪಿ ವೀರಾಚಾರಿಯ ನಮಸ್ಕಾರಗಳು.

ನೀವು ನಿಮ್ಮ ಮಗನಿಗೆ ಹೆಣ್ಣು ನೋಡಲು ಬಂದ ದಿನ ನನ್ನ ಮಗಳು ಕಾಳಮ್ಮ ತಲೆ ಎತ್ತಲಿಲ್ಲ. “ಎಷ್ಟು ನಾಚ್ಕೆ ನೋಡಿ, ಇಂಥ ಹುಡ್ಗೀನೇ ಬೇಕಾಗಿತ್ತು ನಮ್ಗೆ” ಎಂದು ನಿಮ್ಮ ಮನೆಯವರು ಮೆಚ್ಚಿದರು. ನಾನು ಸುಮ್ಮನಿದ್ದುಬಿಟ್ಟೆ.

ಅದು ನಾಚಿಕೆಯಲ್ಲ. ಹದಿನಾಲ್ಕು ವರ್ಷದಲ್ಲಿ ಅವಳು ನನ್ನ ಮುಖವನ್ನೂ ನೋಡಿದವಳಲ್ಲ. ಏನು ಕೇಳಿದರೂ ಆ ಮಾತನ್ನೇ ತಿರುಗಿ ಹೇಳುತ್ತಾಳೆ. ಉಳಿಯ ಸದ್ದಿಗೆ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಾಳೆ.

ದೇವರ ಮೂರ್ತಿಗೆ ಕಣ್ಣು ತೆರೆಯುವ ಇದೇ ಕೈಯಿಂದ, “ನನ್ನ ನೋಡೇ” ಎಂದು ಅವಳನ್ನು ಹೊಡೆದಿದ್ದೇನೆ. ನೀವು ಕೇಳಿದ ಗಲ್ಲದ ಗಾಯ ಬಿದ್ದು ಆದದ್ದಲ್ಲ.

ನೀವು ಕೊಟ್ಟ ತಾಂಬೂಲದ ಸೀರೆಯನ್ನು ಈ ಪತ್ರದ ಜೊತೆಗೇ ಹಿಂದಕ್ಕೆ ಕಳಿಸಿದ್ದೇನೆ. ಸಂಬಂಧ ಯಾಕೆ ಮುರಿಯಿತೆಂದು ಯಾರಾದರೂ ಕೇಳಿದರೆ ಅಪ್ಪನ ತಪ್ಪು ಎನ್ನಿ, ಹುಡುಗಿಯದೆನ್ನಬೇಡಿ.

ನಿಮ್ಮ ಮುಖ ನೋಡಲಾರದ,
ವೀರಾಚಾರಿ