ಹಸಿದವಕ್ಕೆ ಬೆಲ್ಲದ ನೀರು

ಮಂಡ್ಯ, ಸೋಮವಾರ

ಹೊಳಲಿನ ಅತ್ತೆಯವರಿಗೆ ದೀಪಿಕಳ ನಮಸ್ಕಾರ.

ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ನಿಮ್ಮ ಮಗನ ಕೈಲಿ ಈ ಕಾಗದ. ಮೊನ್ನೆ ನೀವು ನನ್ನ ಲ್ಯಾಬಿಗೆ ಬಂದಾಗ ನೋಡಿದ ಬಾಟಲಿಗಳಲ್ಲಿರುವುದು ಅದಿರಿನಿಂದ ತಾಮ್ರ ಬಿಡಿಸುವ ಬ್ಯಾಕ್ಟೀರಿಯಾ. ಆಹಾರ ನಿಲ್ಲಿಸಿದರೆ ಅವು ಕುಗ್ಗಿ, ಕಲ್ಲನ್ನೇ ಕಚ್ಚಿಕೊಂಡು ಎಷ್ಟು ದಿನ ಬದುಕುತ್ತವೆಂದು ನೋಡುತ್ತಿದ್ದೆ. ಬೇಕೆಂದೇ ಉಪವಾಸ ಕೆಡವಿದ್ದೇನೆ ಎಂದಾಗ ನೀವು, “ಅಸ್ದಿರೋವ್ನ ನೋಡ್ಕಂಡು ಎಂಗವ್ವ ಕುಂತಿದ್ದೀಯ?” ಎಂದಿರಿ. ನಾನು ಟೀ ತರುವಷ್ಟರಲ್ಲಿ, ಬಿಸಿಲಲ್ಲಿ ಬಂದವರಿಗೆ ಕೊಡುವಂತೆ, ಮನೆಯಿಂದ ತಂದಿದ್ದ ಬೆಲ್ಲದ ನೀರನ್ನು ಅವಕ್ಕೂ ಹುಯ್ದಿರಿ. ಖಾಲಿ ಚೊಂಬು ನೋಡಿ ಗೊತ್ತಾಯಿತು. ಅವಕ್ಕೆ ಸಿಹಿಯೇ ವಿಷ.

ನಾಳೆ ನನ್ನ ಸಂಶೋಧನೆಯ ಗೈಡ್ ಬಾಟಲಿಗಳನ್ನು ನೋಡಲು ಬರುತ್ತಾರೆ. ಯಾವ ಬಾಟಲಿಗಳಿಗೆ ಹುಯ್ದಿರೆಂದು ಹೇಳಿಕಳಿಸಿ, ಮಿಕ್ಕವನ್ನಾದರೂ ಉಳಿಸಿಕೊಳ್ಳುತ್ತೇನೆ. ಬೈಯುವುದಿಲ್ಲ.

ನಿಮ್ಮ ಉತ್ತರ ಬರುವವರೆಗೆ ನನಗೂ ಊಟ ಸೇರದು. ಹಸಿದವರನ್ನು ನೋಡಿಕೊಂಡು ಕೂರುವವರಲ್ಲವಲ್ಲ ನೀವು.

ನಿಮ್ಮ ಸೊಸೆ,
ದೀಪಿಕ