ತಪ್ಪು ಒಪ್ಪಿಕೊಂಡವಳಿಗೆ ಬಟ್ಟೆ ಒಗೆಯುವ ಕೋಣೆ

ವೃದ್ಧರ ಆರೈಕೆ ವಿಭಾಗದ ಮಾನ್ಯ ನಿರ್ದೇಶಕರೇ,

ತಪ್ಪು ಮಾಡಿದವರನ್ನಲ್ಲ, ತಪ್ಪನ್ನು ಒಪ್ಪಿಕೊಂಡವರನ್ನು ನೀವು ಶಿಕ್ಷಿಸಿದ್ದೀರಿ. ಇಡೀ ಸ್ವೀಡನ್ನಿನಲ್ಲಿ ಮಂತ್ರಿಯನ್ನೂ ಹೆಸರು ಹಿಡಿದೇ ಕರೆಯುವವರು ನಾವು. ಆದರೂ ಇಂದು ನಿಮ್ಮನ್ನು ‘ಮಾನ್ಯರೇ’ ಎನ್ನುತ್ತಿದ್ದೇನೆ. ಈ ದೂರ ನೀವೇ ಮಾಡಿಕೊಂಡದ್ದು.

ನಮ್ಮ ಆರೈಕೆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಕೈತಪ್ಪಿದವರು ತಮ್ಮ ತಪ್ಪನ್ನು ತಾವೇ ಬರೆದು ಕೊಡಬೇಕು. ಅದಕ್ಕಾಗಿ ಯಾರನ್ನೂ ದಂಡಿಸುವುದಿಲ್ಲ. ಈ ಮಾತು ಕೊಟ್ಟವರು ನೀವೇ. ಕೆಲಸಕ್ಕೆ ಸೇರಿದ ವಾರ ನಾನು ಒಬ್ಬರ ಮಾತ್ರೆಯನ್ನು ಪಕ್ಕದ ಹಾಸಿಗೆಯವರ ಮುಂದಿಟ್ಟು ಅಳುತ್ತ ನಿಂತಿದ್ದೆ. ಹಿರಿಯ ಸಹೋದ್ಯೋಗಿ ಗುನ್ವೋರ್ ನನ್ನ ಕೈಗೆ ಪೆನ್ನು ಕೊಟ್ಟಳು. “ಅತ್ತಿದ್ದು ಸಾಕು, ಬರಿ ಹುಡುಗಿ. ನೀನು ಬರೀದೆ ಹೋದ್ರೆ ನಾಳೆ ಇದೇ ತಪ್ಪು ನನ್ನ ಕೈಲಾಗುತ್ತೆ.”

ಜನವರಿಯಲ್ಲಿ ನೀವು ಕೃತಕ ಬುದ್ಧಿಮತ್ತೆಯನ್ನು ತಂದಿರಿ. ಯಾರು ಎಲ್ಲಿ ಕೆಲಸ ಮಾಡಬೇಕೆಂದು ಇನ್ನು ಅದೇ ಹೇಳುತ್ತದೆ ಎಂದಿರಿ. ನಾವು ನಂಬಿ ಬರೆದ ಹನ್ನೊಂದು ವರ್ಷಗಳ ವರದಿಗಳನ್ನೆಲ್ಲ ಅದಕ್ಕೆ ಉಣಿಸಿದಿರಿ, ನಮ್ಮನ್ನು ಒಂದು ಮಾತೂ ಕೇಳದೆ. ಹೆಚ್ಚು ಬರೆದವರು ಹೆಚ್ಚು ಅಪಾಯಕಾರಿ ಎಂದಿತು ಯಂತ್ರ. ಅರವತ್ತಮೂರು ಸಲ ಬರೆದಿದ್ದ ಗುನ್ವೋರ್ ಪಟ್ಟಿಯ ತುದಿಗೇರಿದಳು. ಒಂದು ಸಾಲನ್ನೂ ಬರೆಯದವರು ‘ಅತ್ಯಂತ ಸುರಕ್ಷಿತರು’! ಎಂಥ ಬುದ್ಧಿ, ಎಂಥ ಮತ್ತೆ!

ಮೂವತ್ತೊಂದು ವರ್ಷ ಮುದುಕರನ್ನು ಎತ್ತಿ ಕೂರಿಸಿದವಳನ್ನು ಬಟ್ಟೆ ಒಗೆಯುವ ಕೋಣೆಗೆ ಕಳಿಸಿದಿರಿ. ಕಾರಣ ಕೇಳಿದರೆ ಮೇಲ್ವಿಚಾರಕಿ, “ನಂಗೇನ್ ಗೊತ್ತಮ್ಮಾ, ವ್ಯವಸ್ಥೆ ಹಂಗ್ ಹೇಳ್ತು” ಎಂದರು. ಗುನ್ವೋರ್ ಮಾತ್ರ ನಕ್ಕಳು: “ಇಷ್ಟು ದಿನ ಮುದುಕರ ಬೆನ್ನು ತೊಳೀತಿದ್ದೆ, ಇನ್ಮೇಲೆ ದಿಂಬಿನ ಚೀಲ. ಅದು ಎದುರು ಮಾತಾಡಲ್ಲ ನೋಡು!” ಆಮೇಲೆ ಒಗೆಯುವ ಯಂತ್ರಗಳ ಕಡೆ ತಿರುಗಿ ಚೀಲಗಳನ್ನು ತುಂಬತೊಡಗಿದಳು.

ಮೇ ತಿಂಗಳ ಸಭೆಯಲ್ಲಿ ನೀವು ಕೇಕ್ ಹಂಚಿ, ತಪ್ಪುಗಳು ಹತ್ತರಲ್ಲಿ ಒಂಬತ್ತು ಪಾಲು ಇಳಿದಿವೆ ಎಂದಿರಿ. ಇಳಿದದ್ದು ತಪ್ಪುಗಳೇ? ಬರೆಯುವ ಧೈರ್ಯವೇ? ಕೇಳಬೇಕಾದ ನಾನೂ ಕೇಕ್ ತಿಂದೆ.

ಈಗ ನನ್ನ ತಪ್ಪು ಕೇಳಿ. ಅದರ ಮರು ಮಂಗಳವಾರ ನಾನು ತಳ್ಳುತ್ತಿದ್ದ ಗಾಲಿಕುರ್ಚಿ ಬಡಿದು ಸ್ನಾನದ ಮನೆಯ ಗೋಡೆಯ ಹಿಡಿಕೆ ಸಡಿಲಾಯಿತು. ಬರೆಯಲು ಕೂತೆ. ಗುನ್ವೋರ್ ನೆನಪಾದಳು. ಕಾಗದ ಮಡಚಿ ಜೇಬಿಗಿಟ್ಟೆ. ಶುಕ್ರವಾರ ದುರಸ್ತಿಯವನು ಬಂದಾಗ ಬಾಯಲ್ಲೇ ಹೇಳಿದರಾಯಿತು ಎಂದುಕೊಂಡೆ. ಗುರುವಾರ ಬೆಳಿಗ್ಗೆ ಎವಾಲ್ಡ್ ಆ ಹಿಡಿಕೆ ಹಿಡಿದು ಎದ್ದ. ದಿನವೂ “ಏನೇ, ನಿನ್ನ ಕೈಯೋ ಐಸ್ ಗಡ್ಡೆಯೋ? ಗುನ್ವೋರ್‌ನ ಕಳ್ಸು” ಎಂದು ರೇಗಿಸುತ್ತಿದ್ದ ಎಂಬತ್ತೊಂಬತ್ತರ ಮುದುಕ. ಹಿಡಿಕೆ ಕಿತ್ತು ಬಂತು, ಬಿದ್ದು ಸೊಂಟ ಮುರಿಯಿತು. ಹನ್ನೊಂದನೆಯ ದಿನ ತೀರಿಕೊಂಡ.

ನಮ್ಮ ನೌಕರರ ಸಂಘದ ಕಿರುಹೊತ್ತಗೆಗಳನ್ನು ಓದಿ ನಾನು ಒಂದು ವಿಷಯ ಕಲಿತಿದ್ದೇನೆ: ಯಂತ್ರಕ್ಕೆ ಅಧಿಕಾರ ಕೊಡಬಹುದು, ಹೊಣೆ ಕೊಡಲಾಗದು. ಅದು ಕೊಟ್ಟವರ ಬಳಿಯೇ ಉಳಿಯುತ್ತದೆ. ಯಂತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಅದರ ಹಿಂದೆ ಅವಿತುಕೊಳ್ಳಬೇಡಿ ಎನ್ನುತ್ತಿದ್ದೇನೆ.

ಈ ಬಹಿರಂಗ ಪತ್ರ ಪತ್ರಿಕೆಯಲ್ಲಿ ಅಚ್ಚಾಗುವ ಮೊದಲೇ ಎವಾಲ್ಡ್‌ನ ಮಗಳ ಮನೆಗೆ ಹೋಗಿ ಎಲ್ಲ ಹೇಳಿದೆ. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. “ನಿಂದು ನೀನು ಹೇಳ್ದೆ. ಉಳಿದವ್ರು ಯಾವಾಗ ಹೇಳ್ತಾರೆ?” ಎಂದಳು.

ನಮ್ಮ ವರದಿಗಳನ್ನು ಆ ವ್ಯವಸ್ಥೆಯಿಂದ ಹೊರತೆಗೆಯಿರಿ. ಗುನ್ವೋರ್‌ಳನ್ನು ಅವಳ ಮುದುಕರ ಬಳಿಗೆ ಮರಳಿ ಕಳಿಸಿ. ಇದನ್ನೆಲ್ಲ ಮಾಡಿದ ನಿರ್ಧಾರ ಯಾರದೆಂದು ಆ ಮಗಳ ಎದುರು ಕೂತು ನಿಮ್ಮ ಬಾಯಿಂದಲೇ ಹೇಳಿ. ಅವಳು ಬರುತ್ತಾಳೆ, ನಾವೂ ಇರುತ್ತೇವೆ: ಜೂನ್ ಹದಿನೆಂಟು, ಗುರುವಾರ, ಮಧ್ಯಾಹ್ನ ಎರಡೂವರೆಗೆ, ನಮ್ಮ ಕಾಫಿ ಕೋಣೆಯಲ್ಲಿ.

ಇಂತಿ,
ತುಂಬಾ ತಡವಾಗಿ ಬಾಯಿಬಿಟ್ಟ ನಿಮ್ಮ ನೌಕರಳು,
ಸ್ವೆಯಾ ಬ್ಯೂರ್‌ಮಾನ್